52 ಸೆಕೆಂಡುಗಳ ಹಾಡಿಗೆ ಗೌನಿಪಲ್ಲಿಯ ದಾರಿ

ಶ್ರೀನಿವಾಸಪುರ ಎಂದೊಡನೆ ಯಾರಿಗಾದರೂ ನೆನಪಾಗುವುದು ಮಾವು. ಕೋಲಾರ ಜಿಲ್ಲೆಯ ಈ ತಾಲ್ಲೂಕಿನಲ್ಲಿ ಬೇಸಿಗೆ ಬಂತೆಂದರೆ ತೋಟ, ಮಂಡಿ, ಲಾರಿ ಎಲ್ಲವೂ ಹಣ್ಣಿನ ವಾಸನೆಯಲ್ಲೇ ಮುಳುಗಿರುತ್ತವೆ. ಪಟ್ಟಣ ಬಿಟ್ಟು ಆಂಧ್ರದ ಗಡಿಯತ್ತ ಹೊರಟರೆ ಬಂಡೆಗುಡ್ಡಗಳು, ಕೆರೆಯ ಏರಿಗಳು, ಟೊಮೆಟೊ ಹೊಲಗಳು ಒಂದಾದ ಮೇಲೊಂದು ಎದುರಾಗುತ್ತವೆ. ಆ ಕಡೆಯ ಊರುಗಳಲ್ಲಿ ಒಂದು ಗೌನಿಪಲ್ಲಿ. ಹೆಸರಿನಲ್ಲೇ ತೆಲುಗಿನ 'ಪಲ್ಲಿ' ಇದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎನ್ನುವುದು ಈ ಸೀಮೆಯ ರೂಢಿ. ಇಲ್ಲಿನ ಮಗುವಿಗೆ ಎರಡು ಭಾಷೆ ಕಲಿಯುವುದು ಪಾಠವಲ್ಲ, ಆಟದಷ್ಟೇ ಸಹಜ.

ನಾಡಿನ ಎಲ್ಲ ಶಾಲೆಗಳಂತೆ ಇಲ್ಲಿನ ಶಾಲೆಗಳಲ್ಲೂ ಬೆಳಿಗ್ಗೆ ಎರಡು ಗೀತೆಗಳು ಕೇಳಿಬರುತ್ತವೆ. ಒಂದು ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ'. ಇನ್ನೊಂದು ರವೀಂದ್ರನಾಥ ಠಾಕೂರರ 'ಜನ ಗಣ ಮನ'. ಮನೆಮಾತು ತೆಲುಗಾಗಿರುವ ಮಗು ಕನ್ನಡದ ಹಾಡನ್ನೂ ಬಂಗಾಳದ ಹಾಡನ್ನೂ ಒಂದೇ ಉಸಿರಿನಲ್ಲಿ ಹಾಡಿ ತರಗತಿಗೆ ಓಡುತ್ತದೆ. ಈ ಎರಡು ಹಾಡುಗಳ ಚರಿತ್ರೆಯಲ್ಲೂ ಗೌನಿಪಲ್ಲಿಯ ನೆರೆಯ ಊರೊಂದರ ಹೆಸರು ಬರುತ್ತದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಆ ಊರು ಮದನಪಲ್ಲಿ. ಗಡಿ ದಾಟಿದರೆ ಒಂದು ಬಸ್ ಪ್ರಯಾಣದಷ್ಟೇ ದೂರ.

ಮದನಪಲ್ಲಿಯಲ್ಲಿ ನಡೆದದ್ದೇನು?

1919ರಲ್ಲಿ ಗೌನಿಪಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮದನಪಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ತೂರು ಜಿಲ್ಲೆಯಲ್ಲಿತ್ತು. ನಡುವೆ ಇದ್ದದ್ದು ಬರಿಯ ಭಾಷೆಯ ಗಡಿಯಲ್ಲ, ರಾಜ್ಯಭಾರದ ಗಡಿ. ಈ ಕಡೆ ನಾಲ್ವಡಿ ಕೃಷ್ಣರಾಜ ಒಡೆಯರ್, ಆ ಕಡೆ ಬ್ರಿಟಿಷ್ ಗವರ್ನರ್. ಈ ಕಡೆಯ ಶಾಲೆಗಳ ಗೀತೆ ಬಸವಪ್ಪ ಶಾಸ್ತ್ರಿಗಳು ರಚಿಸಿದ 'ಕಾಯೌ ಶ್ರೀ ಗೌರಿ'.

ಮದನಪಲ್ಲಿಯಲ್ಲಿ ಆಗ ಥಿಯಾಸಾಫಿಕಲ್ ಕಾಲೇಜಿತ್ತು. ಇಂದಿನ ಬೆಸೆಂಟ್ ಥಿಯಾಸಾಫಿಕಲ್ ಕಾಲೇಜು ಅದೇ. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅದರ ಪ್ರಿನ್ಸಿಪಾಲರು. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಪಾಶ್ಚಾತ್ಯ ಸಂಗೀತದಲ್ಲಿ ಪದವಿ ಪಡೆದವರು. 1919ರ ಫೆಬ್ರವರಿ ಕೊನೆಯಲ್ಲಿ, ದಕ್ಷಿಣ ಭಾರತದ ಪ್ರವಾಸದಲ್ಲಿದ್ದ ರವೀಂದ್ರರು ಕೆಲವು ದಿನ ಇಲ್ಲಿ ತಂಗಿದರು. ಕಾಲೇಜಿನಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಸಂಜೆ ಸೇರಿ ಹಾಡುವ ಪದ್ಧತಿಯಿತ್ತು. ಅಂಥ ಒಂದು ಸಂಜೆ ಕವಿಗಳು ತಾವೇ 'ಜನ ಗಣ ಮನ' ಹಾಡಿದರು. ಪಲ್ಲವಿಗೆ ಕೇಳುಗರೆಲ್ಲ ದನಿಗೂಡಿಸಿದರು. ಮುಂದಿನ ದಿನಗಳಲ್ಲಿ ಮಾರ್ಗರೆಟ್ ಆ ಧಾಟಿಯನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಂಡರು. ಫೆಬ್ರವರಿ 28ರಂದು ರವೀಂದ್ರರು ಹಾಡನ್ನು ಇಂಗ್ಲಿಷಿಗೆ ತಂದು, ಭಾರತದ ಮುಂಜಾವಿನ ಹಾಡು ಎಂಬರ್ಥದ ಹೆಸರಿಟ್ಟರು. ಹಾಡು ಕಾಲೇಜಿನ ಪ್ರಾರ್ಥನಾಗೀತೆಯಾಯಿತು. ಇದಾಗಿ ಒಂದೂವರೆ ತಿಂಗಳಿಗೆ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆಯಿತು. ಮೇ ತಿಂಗಳ ಕೊನೆಯಲ್ಲಿ ರವೀಂದ್ರರು ತಮ್ಮ 'ಸರ್' ಪದವಿಯನ್ನು ತ್ಯಜಿಸಿ ವೈಸ್‌ರಾಯ್‌ಗೆ ಪತ್ರ ಬರೆದರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಾಡು ಹುಟ್ಟಿದ್ದು ಮದನಪಲ್ಲಿಯಲ್ಲಿ ಎಂದಾಗಲಿ, ಅದಕ್ಕೆ ಧಾಟಿ ಕೂಡಿಸಿದವರು ಮಾರ್ಗರೆಟ್ ಎಂದಾಗಲಿ ಹೇಳಿದರೆ ತಪ್ಪಾಗುತ್ತದೆ. ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ 1911ರ ಡಿಸೆಂಬರ್ 27ರಂದೇ ಇದನ್ನು ಹಾಡಲಾಗಿತ್ತು. ಮರುತಿಂಗಳು 'ತತ್ತ್ವಬೋಧಿನಿ ಪತ್ರಿಕಾ'ದಲ್ಲಿ ಅದು ಅಚ್ಚಾಗಿತ್ತು. ಧಾಟಿ ರವೀಂದ್ರರದೇ. ಮದನಪಲ್ಲಿಯಲ್ಲಿ ನಡೆದದ್ದು ಬೇರೆ ಕೆಲಸ. ಬಾಯಿಂದ ಬಾಯಿಗೆ ಸಾಗುತ್ತಿದ್ದ ಹಾಡು, ಬಂಗಾಳಿ ಬಾರದವನೂ ನೋಡಿ ನುಡಿಸಬಹುದಾದ ಬರಹವಾಯಿತು. ಕೇಳಲು ಸಣ್ಣ ಸಂಗತಿ. ಆದರೆ ಮುಂದೆ ಈ ಹಾಡು ಕಂಡ ಎಲ್ಲ ಆರ್ಕೆಸ್ಟ್ರಾಗಳ ಕಥೆಗೂ ಇದೊಂದು ಪೀಠಿಕೆ.

ಒಂದು ಹಾಡು, ಹಲವು ಮೇಳ

ವಾದ್ಯವೃಂದದಲ್ಲಿ ಹಾಡೊಂದು ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯಲು ವಿದ್ಯಾರ್ಥಿಗಳು ಬಹಳ ದೂರ ಹೋಗಬೇಕಿಲ್ಲ. ಅವರಿಗೆ ಬಾಯಿಪಾಠವಾಗಿರುವ ಈ ಹಾಡೇ ಸಾಕು. ಇದನ್ನು ನುಡಿಸಿದಷ್ಟು ಬಗೆಯ ಮೇಳಗಳು ಬೇರೆ ಯಾವ ಭಾರತೀಯ ಹಾಡನ್ನು ನುಡಿಸಿರಬಹುದು?

ಸುಭಾಷ್‌ಚಂದ್ರ ಬೋಸರು ಜರ್ಮನಿಯಲ್ಲಿದ್ದಾಗ, 1942ರ ಸೆಪ್ಟೆಂಬರ್ 11ರಂದು ಹ್ಯಾಂಬರ್ಗ್ ನಗರದಲ್ಲಿ ಜರ್ಮನ್-ಭಾರತೀಯ ಸಂಘದ ಉದ್ಘಾಟನೆ ನಡೆಯಿತು. ಅಲ್ಲಿ ಪಾಶ್ಚಾತ್ಯ ವಾದ್ಯವೃಂದವೊಂದು 'ಜನ ಗಣ ಮನ'ವನ್ನು ಭಾರತದ ರಾಷ್ಟ್ರಗೀತೆಯೆಂದು ನುಡಿಸಿತು. ಭಾರತ ಸ್ವತಂತ್ರವಾಗಲು ಇನ್ನೂ 5 ವರ್ಷವಿತ್ತು! ಮರುವರ್ಷ ಆಗ್ನೇಯ ಏಷ್ಯಾದಲ್ಲಿ ಆಜಾದ್ ಹಿಂದ್ ಸರ್ಕಾರ ಇದನ್ನೇ ಹಿಂದೂಸ್ಥಾನಿಗೆ ತಂದು 'ಶುಭ್ ಸುಖ್ ಚೈನ್' ಎಂದು ಹಾಡಿಸಿತು. ಅದರ ಸಂಗೀತದ ಹೊಣೆ ಹೊತ್ತವರು ಕ್ಯಾಪ್ಟನ್ ರಾಮ್ ಸಿಂಗ್ ಠಾಕುರಿ. ಹಾಡು ಅಲ್ಲಿ ಪ್ರಾರ್ಥನೆಯ ನಡಿಗೆ ಬಿಟ್ಟು ಸಿಪಾಯಿಯ ನಡಿಗೆ ಕಲಿಯಿತು. 1945ರಲ್ಲಿ ಬಿಮಲ್ ರಾಯ್ ಅವರ 'ಹಮ್‌ರಾಹಿ' ಚಿತ್ರದ ಮೂಲಕ ಅದು ಚಿತ್ರಮಂದಿರಗಳನ್ನೂ ಪ್ರವೇಶಿಸಿತು.

ನಿರ್ಣಾಯಕ ಘಟ್ಟ ಬಂದದ್ದು 1947ರಲ್ಲಿ. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಡೆದಿತ್ತು. ಸಮಾರಂಭವೊಂದರಲ್ಲಿ ನುಡಿಸಲು ನಿಮ್ಮ ದೇಶದ ರಾಷ್ಟ್ರಗೀತೆ ಕೊಡಿ ಎಂದು ಭಾರತದ ನಿಯೋಗವನ್ನು ಕೇಳಿದರು. ಹೊಸ ದೇಶಕ್ಕೆ ಇನ್ನೂ ರಾಷ್ಟ್ರಗೀತೆಯೇ ಗೊತ್ತಾಗಿರಲಿಲ್ಲ. ನಿಯೋಗದ ಬಳಿ 'ಜನ ಗಣ ಮನ'ದ ಒಂದು ಗ್ರಾಮಫೋನ್ ತಟ್ಟೆಯಿತ್ತು, ಅದನ್ನೇ ಕೊಟ್ಟರು. ವಾದ್ಯವೃಂದದವರು ತಟ್ಟೆ ಕೇಳಿ ಅಭ್ಯಾಸ ಮಾಡಿ ನುಡಿಸಿದರು. ಅನೇಕ ದೇಶಗಳ ಪ್ರತಿನಿಧಿಗಳು ಮೆಚ್ಚಿ ಅದರ ಸ್ವರಲಿಪಿ ಕೇಳಿದರಂತೆ. ಆ ವಾದನದ ಧ್ವನಿಮುದ್ರಿಕೆ ಭಾರತಕ್ಕೆ ಬಂತು. ನಮ್ಮ ಸೇನೆಯ ಬ್ಯಾಂಡುಗಳು ಅದನ್ನು ಕಲಿತವು. ಈ ಸಂಗತಿಗಳನ್ನೆಲ್ಲ ಪ್ರಧಾನಿ ನೆಹರೂ 1948ರ ಆಗಸ್ಟ್ 25ರಂದು ಸಂವಿಧಾನ ಸಭೆಯ ಮುಂದಿಟ್ಟರು. ರಾಷ್ಟ್ರಗೀತೆಗೆ ಮಾತಿನಷ್ಟೇ ಧಾಟಿಯೂ ಮುಖ್ಯ, ಅದು ದೇಶದೊಳಗಿನ ಬ್ಯಾಂಡಿಗೂ ಹೊರಗಿನ ಆರ್ಕೆಸ್ಟ್ರಾಕ್ಕೂ ಒಗ್ಗಬೇಕು ಎಂಬುದು ಅವರ ವಾದದ ತಿರುಳು.

'ವಂದೇ ಮಾತರಂ' ಪರವಾದ ವಾದವೂ ಬಲವಾಗಿತ್ತು. ಸ್ವಾತಂತ್ರ್ಯ ಚಳವಳಿಯಲ್ಲಿ ಅದಕ್ಕಿದ್ದ ಸ್ಥಾನವನ್ನು ಯಾರೂ ಅಲ್ಲಗಳೆಯಲಿಲ್ಲ. ಅದು ಮೇಳಕ್ಕೆ ಒಗ್ಗದು ಎಂಬ ಆಕ್ಷೇಪಕ್ಕೆ ಉತ್ತರವಾಗಿ ಗಾಯಕ ಮಾಸ್ಟರ್ ಕೃಷ್ಣರಾವ್ ಫುಲಂಬ್ರೀಕರ್ ಹೊಸ ಧಾಟಿಗಳನ್ನು ಸಿದ್ಧಪಡಿಸಿ, ಬ್ಯಾಂಡಿನಲ್ಲಿ ನುಡಿಸಿ, ದೆಹಲಿಯ ನಾಯಕರಿಗೆ ಕೇಳಿಸಿದರು. ರಾಷ್ಟ್ರಗೀತೆಯ ಪ್ರಶ್ನೆಯನ್ನು ಅಂದಿನ ಹಿರಿಯರು ಎದುರೆದುರು ಧ್ವನಿಮುದ್ರಿಕೆಗಳನ್ನಿಟ್ಟು, ವಾದನಗಳನ್ನು ಹೋಲಿಸಿ ಚರ್ಚಿಸಿದ್ದರು ಎಂಬುದು ಗಮನಿಸಬೇಕಾದ ಮಾತು. 1950ರ ಜನವರಿ 24ರಂದು ಡಾ. ರಾಜೇಂದ್ರ ಪ್ರಸಾದರು 'ಜನ ಗಣ ಮನ' ರಾಷ್ಟ್ರಗೀತೆಯೆಂದೂ, 'ವಂದೇ ಮಾತರಂ'ಗೆ ಅದರ ಸಮಾನ ಗೌರವವೆಂದೂ ಘೋಷಿಸಿದರು.

ಪಶ್ಚಿಮದ ಮೇಳಕ್ಕೆ ಒಗ್ಗಿದ್ದೇಕೆ?

ಇದಕ್ಕೆ ಉತ್ತರ ಸ್ವರಗಳಲ್ಲಿದೆ. ಈ ಧಾಟಿಯಲ್ಲಿ ಹಿಂದೂಸ್ಥಾನಿಯ ಬಿಲಾವಲ್ ಛಾಯೆಯಿದೆ. ನಮ್ಮ ಕರ್ನಾಟಕ ಪದ್ಧತಿಯಲ್ಲಿ ಅದಕ್ಕೆ ಹತ್ತಿರದ್ದು ಶಂಕರಾಭರಣ. ಈ ಸ್ವರಶ್ರೇಣಿಯೇ ಪಾಶ್ಚಾತ್ಯರ 'ಮೇಜರ್ ಸ್ಕೇಲ್'. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ 'ನೋಟ್ಟು ಸ್ವರ'ಗಳನ್ನು ಮಾಡಿದಾಗ ಆರಿಸಿಕೊಂಡದ್ದೂ ಇದೇ ಶಂಕರಾಭರಣವನ್ನು. ಹೀಗಾಗಿ ತುತ್ತೂರಿ, ಪಿಟೀಲು, ಕ್ಲಾರಿನೆಟ್ ಹಿಡಿದವನಿಗೆ ಈ ಹಾಡು ಪರಕೀಯವೆನಿಸುವುದಿಲ್ಲ. ಜೊತೆಗೆ ಹಾಡಿನ ನಡೆ ಸಮ. ಒಂದೊಂದು ಅಕ್ಷರಕ್ಕೆ ಒಂದೊಂದು ಸ್ವರ ಎನ್ನುವಂತೆ ಅದು ಸಾಗುತ್ತದೆ. ಹತ್ತು ಮಂದಿ ಹಾಡಿದರೂ ಸಾವಿರ ಮಂದಿ ಹಾಡಿದರೂ ಕಲಸಿಹೋಗುವುದಿಲ್ಲ.

ಇಂದು ಸಮಾರಂಭಗಳಲ್ಲಿ ಕೇಳುವ ಆರ್ಕೆಸ್ಟ್ರಾ ರೂಪಕ್ಕೆ ವಾದ್ಯ ಹೊಂದಿಸಿದವರು ಇಂಗ್ಲಿಷ್ ಸಂಯೋಜಕ ಹರ್ಬರ್ಟ್ ಮುರಿಲ್. ಬಿಬಿಸಿಯ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದು 1952ರಲ್ಲಿ ತೀರಿಕೊಂಡ ಅವರು ಪಾಶ್ಚಾತ್ಯ ಮೇಳದ ಗುಟ್ಟು ಬಲ್ಲವರು. ಪೂರ್ಣ ಗೀತೆಗೆ ಸುಮಾರು 52 ಸೆಕೆಂಡು, ಮೊದಲ ಮತ್ತು ಕೊನೆಯ ಸಾಲುಗಳಷ್ಟೇ ಇರುವ ಸಂಕ್ಷಿಪ್ತ ರೂಪಕ್ಕೆ ಸುಮಾರು 20 ಸೆಕೆಂಡು ಎಂದು ಸರ್ಕಾರ ಗೊತ್ತುಪಡಿಸಿದೆ. ಬ್ಯಾಂಡ್ ನುಡಿಸುವಾಗ ಮೊದಲು ನಿಧಾನ ನಡಿಗೆಯ 7 ಹೆಜ್ಜೆಗಳಷ್ಟು ಹೊತ್ತು ಡ್ರಮ್ ಮೊಳಗಬೇಕೆಂಬ ನಿಯಮವೂ ಇದೆ. ನಿಂತವರು ಎಚ್ಚರಗೊಳ್ಳಲಿ ಎಂಬುದೇ ಅದರ ಉದ್ದೇಶ.

ಗೌನಿಪಲ್ಲಿಯಂಥ ಊರಿಗೆ ನೂರು ಮಂದಿಯ ವಾದ್ಯವೃಂದ ಎಂದೂ ಖುದ್ದಾಗಿ ಬರಲಾರದು. ಇಂಥ ಊರುಗಳಿಗೆ ಆರ್ಕೆಸ್ಟ್ರಾವನ್ನು ತಂದದ್ದು ರೇಡಿಯೊ, ಆಮೇಲೆ ದೂರದರ್ಶನ, ಈಗ ಮೊಬೈಲು. ಧ್ವನಿಮುದ್ರಿಕೆಯ ಉಪಕಾರ ದೊಡ್ಡದು. ಹಳೆಯ ಮೈಸೂರಿನ ದೊರೆಯೂ ಈ ಉಪಕಾರವನ್ನು ಬಲ್ಲವರೇ. ಜಯಚಾಮರಾಜ ಒಡೆಯರ್ ರಷ್ಯದ ಸಂಯೋಜಕ ಮೆಟ್ನರ್ ಅವರ ಕೃತಿಗಳನ್ನು ಎಚ್‌ಎಂವಿ ತಟ್ಟೆಗಳಲ್ಲಿ ಮುದ್ರಿಸಲು ಹಣ ಕೊಟ್ಟರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಆಸರೆಯಾದರು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊತ್ತಮೊದಲಿಗೆ ಲಂಡನ್ನಿನಲ್ಲಿ ಕೇಳಿಬಂದದ್ದು ಅದೇ ವಾದ್ಯವೃಂದದಿಂದ, ಅವರದೇ ನೆರವಿನಿಂದ. ಮೈಸೂರಿನಲ್ಲಿ ಕುಳಿತು ಯುರೋಪಿನ ಮೇಳಗಳನ್ನು ಕೇಳಿ, ಹೋಲಿಸಿ, ಬೇಕಾದದ್ದನ್ನು ಆರಿಸುವ ಕಿವಿ ಅವರಿಗಿತ್ತು. ಅರಸರಿಗೆ ಮಾತ್ರ ಸಾಧ್ಯವಿದ್ದ ಆ ಸೌಕರ್ಯ ಇಂದು ಬಡವರ ಮಕ್ಕಳಿಗೂ ಎಟುಕುತ್ತದೆ.

ಕಿವಿಗೊಟ್ಟು ಕೇಳಿದರೆ

ಮೊದಲು ಯಾವುದಾದರೂ ರವೀಂದ್ರ ಸಂಗೀತದ ವೃಂದ ಹಾಡಿರುವ ಪೂರ್ಣ ಪಾಠವನ್ನು ಕೇಳಬೇಕು. ಹಾಡಿಗೆ ಒಟ್ಟು 5 ನುಡಿಗಳು. ರಾಷ್ಟ್ರಗೀತೆಯಾಗಿ ನಾವು ಹಾಡುವುದು ಮೊದಲನೆಯದನ್ನು ಮಾತ್ರ. ಅಲ್ಲಿ ಅವಸರವಿಲ್ಲ. ದನಿಗಳು ಒಂದು ಸ್ವರದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರುತ್ತವೆ. ಮೆರವಣಿಗೆಗಿಂತ ಪ್ರಾರ್ಥನೆ ಎದ್ದು ಕಾಣುತ್ತದೆ. ಅನಂತರ ಸೇನಾ ಬ್ಯಾಂಡನ್ನು ಕೇಳಬೇಕು. ಜಾರುವಿಕೆ ಮಾಯವಾಗಿ ಪ್ರತಿಯೊಂದು ಸ್ವರವೂ ಕಡೆದಿಟ್ಟ ಹಾಗಿರುತ್ತದೆ. ಹಿತ್ತಾಳೆಯ ವಾದ್ಯಗಳು ಕೊನೆಯ ಜಯಘೋಷವನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿಸುತ್ತವೆ. ಪೂರ್ಣ ವಾದ್ಯವೃಂದದಲ್ಲಾದರೆ ಪಿಟೀಲುಗಳ ಮೃದುತ್ವ ಜೊತೆಗೂಡಿ, ಹಾಡು ಮುಂದೆ ಸಾಗುತ್ತಿದ್ದರೆ ಕೆಳಗೆ ಮಂದ್ರದಲ್ಲಿ ಬೇರೆಯೇ ಸ್ವರಗಳು ನಡೆಯುವುದು ಕೇಳುತ್ತದೆ. ಈ 'ಹಾರ್ಮನಿ' ರವೀಂದ್ರರ ಬಾಯಲ್ಲಿ ಇರಲಿಲ್ಲ, ಪಶ್ಚಿಮದಿಂದ ಸೇರಿದ್ದು.

ನಾಲ್ಕನೆಯದಾಗಿ, 2000ದ ಜನವರಿಯಲ್ಲಿ ಗಣರಾಜ್ಯದ ಸುವರ್ಣ ವರ್ಷಕ್ಕೆಂದು ಹೊರಬಂದ ಎ.ಆರ್. ರೆಹಮಾನ್ ಅವರ ಧ್ವನಿಮುದ್ರಿಕೆ. ಇಲ್ಲಿ ಒಬ್ಬೊಬ್ಬ ಕಲಾವಿದರಿಗೆ ಒಂದೊಂದು ಭಾಗ. ಗದುಗಿನ ಭೀಮಸೇನ ಜೋಶಿಯವರ ಕಂಠವನ್ನೂ ಕರ್ನಾಟಕ ಸಂಗೀತದ ಡಿ.ಕೆ. ಪಟ್ಟಮ್ಮಾಳ್ ಅವರ ಕಂಠವನ್ನೂ ಒಂದೇ ಹಾಡಿನಲ್ಲಿ ಕೇಳಬಹುದು. ವಾದ್ಯರೂಪದಲ್ಲಿ ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನೂ ಇದೆ. ಬ್ಯಾಂಡು ಅಳಿಸಿಹಾಕಿದ್ದ ಗಮಕಗಳು ಇಲ್ಲಿ ಮರಳಿ ಬರುತ್ತವೆ. ಆದರೆ ಎಲ್ಲರೂ ಕೂಡಿ ಹಾಡಬಲ್ಲ ಹಾಡು ಈಗ ಎಲ್ಲರೂ ಕುಳಿತು ಕೇಳುವ ಹಾಡಾಗಿದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಾಗಾದರೆ ಯಾವುದು ಶ್ರೇಷ್ಠ? ಆ ಪ್ರಶ್ನೆ ಕೇಳುವುದಕ್ಕಿಂತ ಯಾವುದು ಯಾವುದಕ್ಕೆ ತಕ್ಕದ್ದು ಎಂದು ಕೇಳುವುದು ಮೇಲು. ಕವಾಯತು ಮೈದಾನಕ್ಕೆ ಬ್ಯಾಂಡು, ಸಭಾಂಗಣಕ್ಕೆ ಆರ್ಕೆಸ್ಟ್ರಾ, ಮನೆಯಲ್ಲಿ ಕುಳಿತು ಕೇಳಲು ಕಲಾವಿದರ ಕಂಠ. ಶಾಲೆಯ ಅಂಗಳಕ್ಕೆ? ಅಲ್ಲಿ ಮಕ್ಕಳ ದನಿಯೇ ಬೇಕು. ಧ್ವನಿವರ್ಧಕದಲ್ಲಿ ಧ್ವನಿಮುದ್ರಿಕೆ ಹಾಕಿ ಮಕ್ಕಳನ್ನು ಸುಮ್ಮನೆ ನಿಲ್ಲಿಸುವುದು ಸುಲಭದ ದಾರಿ. ಆದರೆ ಮದನಪಲ್ಲಿಯ ಆ ಸಂಜೆ ಕವಿಯೊಡನೆ ದನಿಗೂಡಿಸಿದವರು ವಿದ್ಯಾರ್ಥಿಗಳೇ ಎಂಬುದನ್ನು ಮರೆಯಬಾರದು. 2016ರ ನವೆಂಬರ್‌ನಲ್ಲಿ ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯವೆಂದ ಸುಪ್ರೀಂ ಕೋರ್ಟ್, 2018ರ ಜನವರಿಯಲ್ಲಿ ಅದನ್ನು ಕಡ್ಡಾಯವಲ್ಲವೆಂದು ಬದಲಿಸಿತು. ನುಡಿಸುವುದನ್ನು ನಿಯಮದಿಂದ ಮಾಡಿಸಬಹುದು. ಹಾಡಿನ ಮೇಲಿನ ಪ್ರೀತಿಯನ್ನು ಕಲಿಸಿಯೇ ಬೆಳೆಸಬೇಕು.

ಮೈಸೂರಿಗೆ ಬಂದ ಕಸಿನ್ಸ್

ಈ ಕಥೆಗೆ ಕನ್ನಡದ ಮಟ್ಟಿಗೆ ಇನ್ನೊಂದು ಅಧ್ಯಾಯವಿದೆ. ಮದನಪಲ್ಲಿಯ ಪ್ರಿನ್ಸಿಪಾಲ್ ಜೇಮ್ಸ್ ಕಸಿನ್ಸ್ ಮುಂದೆ ಮೈಸೂರಿಗೂ ಬಂದರು. ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳಲು ನೆರವಾದವರಲ್ಲಿ ಅವರೂ ಒಬ್ಬರು. 1924ರಲ್ಲಿ ಅವರು ಮೈಸೂರಿನಲ್ಲಿದ್ದಾಗ ವಿದ್ಯಾರ್ಥಿಯೊಬ್ಬ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದ. ಓದಿದ ಕಸಿನ್ಸ್, ಕನ್ನಡದಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿ, ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದರು. ಆ ವಿದ್ಯಾರ್ಥಿಯೇ ಕುವೆಂಪು. ರವೀಂದ್ರರು ಬಂಗಾಳಿಯಲ್ಲಿ ಬರೆದೇ ಲೋಕಮಾನ್ಯರಾದದ್ದನ್ನು ಹತ್ತಿರದಿಂದ ಕಂಡಿದ್ದ ಕವಿಯ ಮಾತದು.

ಕುವೆಂಪು ಬರೆದ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ಕರ್ನಾಟಕದ ನಾಡಗೀತೆಯಾಯಿತು. ರಾಷ್ಟ್ರಗೀತೆಗೆ ಬಂದ ಪ್ರಶ್ನೆಗಳೇ ನಾಡಗೀತೆಗೂ ಬಂದವು. ಧಾಟಿ ಯಾವುದು? ಎಷ್ಟು ಹೊತ್ತು ಹಾಡಬೇಕು? ಮೈಸೂರು ಅನಂತಸ್ವಾಮಿಯವರದೋ, ಸಿ. ಅಶ್ವತ್ಥ್ ಅವರದೋ? ಇಬ್ಬರ ಧ್ವನಿಮುದ್ರಿಕೆಗಳಿಗೂ ಅಭಿಮಾನಿಗಳಿದ್ದರು. ವರ್ಷಗಟ್ಟಲೆ ಚರ್ಚೆ ನಡೆಯಿತು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡುಗಳ ಅವಧಿ ನಿಗದಿಪಡಿಸಿತು. ರಾಷ್ಟ್ರಗೀತೆಯ ಸುಮಾರು ಮೂರು ಪಟ್ಟು. ಹಾಡು ಜನರದ್ದಾದ ಮೇಲೆ ಒಬ್ಬ ಗಾಯಕನ ಮನೋಧರ್ಮಕ್ಕೆ ಅದನ್ನು ಬಿಡಲಾಗದು ಎಂಬುದು ಇಲ್ಲೂ ಕಂಡ ಸತ್ಯ.

ಗಡಿನಾಡಿನ ಮಕ್ಕಳು ರಾಷ್ಟ್ರಗೀತೆಯಲ್ಲಿ ತಮ್ಮ ಸೀಮೆಯ ಹೆಸರು ಹುಡುಕುವುದುಂಟು. ಕನ್ನಡ ಎಲ್ಲಿದೆ, ತೆಲುಗು ಎಲ್ಲಿದೆ? 'ದ್ರಾವಿಡ' ಎಂಬ ಒಂದೇ ಪದದಲ್ಲಿ ಎರಡೂ ಇವೆ. ಗೌನಿಪಲ್ಲಿ, ಮದನಪಲ್ಲಿಗಳ ನಡುವೆ ಹಿಂದೆ ಎರಡು ಆಡಳಿತಗಳ ಗಡಿಯಿತ್ತು, ಇಂದು ಎರಡು ರಾಜ್ಯಗಳ ಗಡಿಯಿದೆ. ಹಾಡಿನಲ್ಲಿ ಮಾತ್ರ ಎರಡೂ ಊರುಗಳು ಒಂದೇ ಪದದ ಮನೆಯೊಳಗಿವೆ. ಅದು ಸಾಲದು ಎನ್ನಿಸಿದವರಿಗೆ ಕುವೆಂಪು ಅವರ ಗೀತೆಯಿದೆ. ಭಾರತವನ್ನು ತಾಯಿಯೆಂದೂ ಕರ್ನಾಟಕವನ್ನು ಮಗಳೆಂದೂ ಕರೆದು, ಈ ನೆಲದ ಕವಿಗಳನ್ನೂ ಸಂತರನ್ನೂ ಅದು ಹೆಸರಿಟ್ಟು ಸ್ಮರಿಸುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಎರಡೂ ಹಾಡುಗಳು ಇರುವುದು ಅರ್ಥವಿಲ್ಲದ ರೂಢಿಯಲ್ಲ.

ಹೋಗಿ ಬರುವವರಿಗೆ

ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಮೈಸೂರು ಎಂದು ಹೊರಡುವುದು ವಾಡಿಕೆ. ಅದು ಇರಲಿ. ಕೋಲಾರ ಸೀಮೆಯ ಶಾಲೆಗಳು ಒಂದು ದಿನದ ಮಟ್ಟಿಗೆ ಮದನಪಲ್ಲಿಯ ಕಡೆಗೂ ಹೋಗಿ ಬರಬಹುದು. ಚಿಂತಕ ಜೆ. ಕೃಷ್ಣಮೂರ್ತಿಯವರು 1895ರಲ್ಲಿ ಹುಟ್ಟಿದ ಊರದು. ಸಮೀಪದಲ್ಲಿ ರಿಷಿ ವ್ಯಾಲಿ ಶಾಲೆಯಿದೆ, ತಂಪಾದ ಹಾರ್ಸ್ಲಿ ಬೆಟ್ಟವಿದೆ. ಬೆಸೆಂಟ್ ಕಾಲೇಜು ಇಂದಿಗೂ ನಡೆಯುತ್ತಿದೆ. ಫೆಬ್ರವರಿ ಕೊನೆಯಲ್ಲಿ ಹೋದರೆ ಬಿಸಿಲು ಇನ್ನೂ ಏರಿರುವುದಿಲ್ಲ, ದಾರಿಯ ಮಾವಿನ ತೋಟಗಳಲ್ಲಿ ಹೂವು ಮಿಡಿಯಾಗುವ ಕಾಲ.

ಹೊರಡುವ ಮುನ್ನ ಮನೆಯಲ್ಲಿ ತಂದೆತಾಯಿಗಳು ಮಕ್ಕಳೊಡನೆ ಕುಳಿತು ನಾಲ್ಕೈದು ಧ್ವನಿಮುದ್ರಿಕೆಗಳನ್ನು ಒಂದಾದ ಮೇಲೊಂದು ಕೇಳಲಿ. ಗಡಿಯಾರ ಹಿಡಿದು ಯಾವುದು ಎಷ್ಟು ಹೊತ್ತು ಎಂದು ಮಕ್ಕಳೇ ಅಳೆಯಲಿ. ತಮ್ಮ ಶಾಲೆಯಲ್ಲಿ ಹಾಡುವುದು 52 ಸೆಕೆಂಡಿಗೆ ಮುಗಿಯುತ್ತದೋ, ಎಳೆದಾಡಿ ಒಂದು ನಿಮಿಷ ದಾಟುತ್ತದೋ ನೋಡಲಿ. ಎಲ್ಲಿ ತುತ್ತೂರಿ ಬಂತು, ಎಲ್ಲಿ ದನಿ ಜಾರಿತು, ಎಲ್ಲಿ ಉಸಿರು ತೆಗೆದುಕೊಂಡರು ಎಂದು ಗುರುತಿಸಲಿ. ಇದಕ್ಕೆ ಸಂಗೀತದ ಪಾಠವಾಗಿರಬೇಕಾಗಿಲ್ಲ, ಖರ್ಚೂ ಇಲ್ಲ. ಹೀಗೆ ಒಮ್ಮೆ ಕೇಳಿದ ಮಗು ಮರುದಿನ ಸಾಲಿನಲ್ಲಿ ನಿಂತು ಹಾಡುವಾಗ ಪಕ್ಕದವನ ದನಿಗೂ ಕಿವಿಗೊಡುತ್ತದೆ. ಮೇಳದಲ್ಲಿ ಹಾಡುವವರು ಮೊದಲು ಕಲಿಯಬೇಕಾದ ಪಾಠ ಅದೇ.